ಕರೆಂಟು ಬರುವ ಹೊತ್ತು



‘ತ್ರೀ ಫೇಸ್ ಬಂತು’ ಎಂಬ ಮಾತಿನ ಅರ್ಥವನ್ನು ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ವಿವರಿಸಬೇಕಾಗಿಲ್ಲ. ಪಟ್ಟಣದವರಿಗಾಗಿ ಹೇಳುತ್ತೇನೆ. ಮನೆಯ ದೀಪಕ್ಕೆ ಒಂದು ಫೇಸ್ ಸಾಕು, ಹೊಲದ ಪಂಪ್‌ಸೆಟ್ಟಿಗೆ ಮೂರೂ ಬೇಕು. ಆ ಮೂರೂ ಯಾವಾಗ ಬರಬೇಕೆಂಬುದು ರೈತನ ಕೈಯಲ್ಲಿಲ್ಲ.

ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಬಯಲುಸೀಮೆಯ ಹಳ್ಳಿಯೊಂದರಲ್ಲಿ ತಂಗಿದ್ದೆವು. ರಾತ್ರಿ ಎರಡು ಗಂಟೆಗೆ ಮನೆಯ ಯಜಮಾನರು ಟಾರ್ಚು, ಕೋಲು ಹಿಡಿದು ತೋಟಕ್ಕೆ ಹೊರಟರು. “ಈ ಹೊತ್ತಿನಲ್ಲೇಕೆ?” ಎಂದೆ. “ಕರೆಂಟು ಬರೋದೇ ಈಗ ಸ್ವಾಮಿ” ಎಂದರು. ದಾರಿಯಲ್ಲಿ ಹಾವಿನ ಭಯ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವ ಭಯ. ಅವರು ಬೆಳಗಿನ ತನಕ ಮಲಗಲಿಲ್ಲ.

ನಡುರಾತ್ರಿಯೇ ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ವಿದ್ಯುತ್ ಜಾಲದ ಗುಟ್ಟೇ ಬಯಲಾಗುತ್ತದೆ.

ತೊಟ್ಟಿಯಿಲ್ಲದ ನಲ್ಲಿ

ನಿಮ್ಮ ಮನೆಯ ಮೇಲೆ ನೀರಿನ ತೊಟ್ಟಿಯಿದೆ. ಬೆಳಿಗ್ಗೆ ತುಂಬಿಸಿ ಸಂಜೆ ಬಳಸಬಹುದು. ವಿದ್ಯುತ್ ಜಾಲಕ್ಕೆ ಅಂಥ ದೊಡ್ಡ ತೊಟ್ಟಿ ಇಲ್ಲ. ನೀವು ಸ್ವಿಚ್ ಒತ್ತಿದ ಕ್ಷಣದಲ್ಲೇ ಎಲ್ಲೋ ಒಂದು ಯಂತ್ರ ಅಷ್ಟು ವಿದ್ಯುತ್ತನ್ನು ಹೆಚ್ಚಾಗಿ ಕೊಡಬೇಕು. ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣವೂ ಸಮನಾಗಿರಬೇಕು.

ಸಮನಾಗದಿದ್ದರೆ? ಸೈಕಲ್ ತುಳಿಯುವಾಗ ಏರು ಬಂತೆನ್ನಿ. ಹೆಚ್ಚು ಬಲ ಹಾಕದಿದ್ದರೆ ಚಕ್ರ ನಿಧಾನವಾಗುತ್ತದೆ. ಜನರೇಟರುಗಳೂ ಹಾಗೆಯೇ. ನಮ್ಮ ದೇಶದಲ್ಲಿ ಪರ್ಯಾಯ ವಿದ್ಯುತ್ತಿನ ಆವೃತ್ತಿ, ಅಂದರೆ ಫ್ರೀಕ್ವೆನ್ಸಿ, ಸೆಕೆಂಡಿಗೆ 50. ಬೇಡಿಕೆ ಏರಿದರೆ ಅದು 50ಕ್ಕಿಂತ ಕೆಳಗಿಳಿಯುತ್ತದೆ, ಬೇಡಿಕೆ ಕುಸಿದರೆ ಮೇಲೇರುತ್ತದೆ. ತೀರಾ ಅತ್ತಿತ್ತ ಹೋದರೆ ಯಂತ್ರಗಳು ತಮ್ಮ ರಕ್ಷಣೆಗಾಗಿ ಜಾಲದಿಂದ ಕಳಚಿಕೊಳ್ಳುತ್ತವೆ. ಒಂದು ಕಳಚಿದರೆ ಉಳಿದವುಗಳ ಮೇಲೆ ಹೊರೆ ಇನ್ನೂ ಹೆಚ್ಚು! 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಎರಡು ಬಾರಿ ಕುಸಿಯಿತು. ಎರಡನೆಯ ದಿನ ಪೂರ್ವ, ಈಶಾನ್ಯಗಳೂ ಜೊತೆಗೆ ಕುಸಿದು 60 ಕೋಟಿಗೂ ಹೆಚ್ಚು ಜನ ವಿದ್ಯುತ್ತಿಲ್ಲದೆ ಉಳಿದರು.

ಈಗ ನಡುರಾತ್ರಿಯ ಪ್ರಶ್ನೆಗೆ ಬರೋಣ. ಹಗಲು ಕಾರ್ಖಾನೆ, ಕಚೇರಿಗಳ ಬೇಡಿಕೆ. ಸಂಜೆ ದೀಪ, ಟೆಲಿವಿಷನ್ನುಗಳ ಬೇಡಿಕೆ. ಊರು ಮಲಗಿದ ಮೇಲೆ ಬೇಡಿಕೆ ಇಳಿಯುತ್ತದೆ. ಆದರೆ ಕಲ್ಲಿದ್ದಲ ಸ್ಥಾವರವನ್ನು ಒಲೆಯಂತೆ ಆರಿಸಿ ಹೊತ್ತಿಸಲಾಗದು, ಅದಕ್ಕೆ ಗಂಟೆಗಟ್ಟಲೆ ಬೇಕು. ಹಾಗಾಗಿ ರಾತ್ರಿ ಉಳಿಯುವ ವಿದ್ಯುತ್ತನ್ನು ಪಂಪ್‌ಸೆಟ್ಟುಗಳ ಕಡೆಗೆ ತಿರುಗಿಸಿದರು. ಬೇಡಿಕೆಯನ್ನು ಜಾಲಕ್ಕೆ ಅನುಕೂಲವಾದ ಹೊತ್ತಿಗೆ ಸರಿಸುವುದನ್ನು ಇಂದು ತಜ್ಞರು ‘ಹೊಂದಿಕೊಳ್ಳುವ ಬೇಡಿಕೆ’ ಎನ್ನುತ್ತಾರೆ. ನಮ್ಮ ರೈತರು ಆ ಹೆಸರು ಕೇಳುವ ಮೊದಲೇ ಹೊಂದಿಕೊಂಡಿದ್ದರು, ತಮ್ಮ ನಿದ್ದೆ ಕೊಟ್ಟು.

ಸೂರ್ಯ ಲೆಕ್ಕ ತಿರುವಿದ

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಉದ್ಯಾನವಿದೆ. ಅದಕ್ಕಾಗಿ ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಬರಗಾಲ ತಂದ ಅದೇ ಬಿಸಿಲು ಈಗ ಫಸಲು!

ಆದರೆ ಸೂರ್ಯನಿಗೂ ತನ್ನದೇ ವೇಳಾಪಟ್ಟಿಯಿದೆ. ಬೆಳಿಗ್ಗೆ ನಿಧಾನವಾಗಿ ಏರಿ, ಮಧ್ಯಾಹ್ನ ತುಂಬಿ ಹರಿದು, ಸಂಜೆ ಆರರ ಸುಮಾರಿಗೆ ಸೌರವಿದ್ಯುತ್ ಸೊನ್ನೆಗಿಳಿಯುತ್ತದೆ. ಸರಿಯಾಗಿ ಆಗಲೇ ಮನೆಮನೆಯ ದೀಪ ಹೊತ್ತುತ್ತದೆ. ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಮಳೆಗಾಲದಲ್ಲಿ ಭರದಿಂದ ತಿರುಗಿ, ಉಳಿದ ದಿನ ಮಂದವಾಗುತ್ತವೆ. ಮೋಡ ಕವಿದರೆ ಕಂಟ್ರೋಲ್ ರೂಮಿನ ಎಂಜಿನಿಯರ್ ಬೇರೆ ದಾರಿ ಹುಡುಕಬೇಕು.

ಅವರ ಮುಂದೆ ನಾಲ್ಕು ದಾರಿಗಳಿವೆ.

ಮೊದಲನೆಯದು ನೀರು. 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರದಂಥಲ್ಲಿ ಟರ್ಬೈನಿಗೆ ಹರಿಯುವ ನೀರನ್ನು ನಿಮಿಷಗಳಲ್ಲಿ ಹೆಚ್ಚಿಸಬಹುದು, ತಗ್ಗಿಸಬಹುದು. ಹಗಲು ಸೂರ್ಯನಿಗೆ ಬಿಟ್ಟು, ನೀರನ್ನು ಸಂಜೆಗೆ ಉಳಿಸಿಕೊಳ್ಳುವುದು ಜಾಣತನ.

ಎರಡನೆಯದು ನೆರೆಹೊರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ತಂತಿಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಜಾಲದೊಂದಿಗೆ ಒಂದೇ ತಾಳಕ್ಕೆ ಸೇರಿತು. ಇಲ್ಲಿ ಹೆಚ್ಚಾದದ್ದನ್ನು ಅಲ್ಲಿಗೆ ಕಳುಹಿಸಬಹುದು.

ಮೂರನೆಯದು ಶೇಖರಣೆ. ಬ್ಯಾಟರಿ ಒಂದು ಬಗೆ. ಹಗಲು ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆ ಎತ್ತಿ, ಸಂಜೆ ಕೆಳಗೆ ಬಿಡುವುದು ಇನ್ನೊಂದು ಬಗೆ. ಎತ್ತಲು ಬೇಕಾದಷ್ಟು ವಿದ್ಯುತ್ ಮರಳಿ ಸಿಗದು, ಒಂದಿಷ್ಟು ನಷ್ಟವಿದ್ದೇ ಇದೆ. ಶರಾವತಿ ಕೊಳ್ಳದಲ್ಲಿ ಇಂಥ 2,000 ಮೆಗಾವಾಟಿನ ಯೋಜನೆಯ ಪ್ರಸ್ತಾವ ಬಂದಾಗ, ಸಿಂಗಳೀಕಗಳ ಕಾಡಿನ ಗತಿಯೇನೆಂದು ಹಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ನಾಲ್ಕನೆಯದು, ನಮ್ಮ ಬೇಡಿಕೆಯನ್ನೇ ಸರಿಸುವುದು. ಜನ ಒಟ್ಟಾಗಿ ಒಂದು ಸ್ವಿಚ್ ಒತ್ತಿದರೆ ಏನಾಗುತ್ತದೆಂದು 2020ರ ಏಪ್ರಿಲ್ 5ರ ರಾತ್ರಿ ಕಂಡೆವು. ಅಂದು 9 ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಲು ಕರೆಯಿತ್ತು. ದೇಶದ ಬೇಡಿಕೆ ಸುಮಾರು 31,000 ಮೆಗಾವಾಟ್ ಇಳಿಯಿತು! ಮೊದಲೇ ಸಿದ್ಧರಾಗಿದ್ದ ಎಂಜಿನಿಯರುಗಳು ಜಲವಿದ್ಯುತ್ತನ್ನೇ ಸುಮಾರು 17,500 ಮೆಗಾವಾಟ್ ತಗ್ಗಿಸಿ, ಮತ್ತೆ ಏರಿಸಿ ಜಾಲವನ್ನು ಕಾಪಾಡಿದರು. ಬೇಡಿಕೆಗೆ ಇಷ್ಟು ಶಕ್ತಿಯಿದ್ದರೆ ಅದನ್ನು ದಿನವೂ ಬಳಸಬಾರದೇಕೆ?

ಪಂಪ್‌ಸೆಟ್ಟಿನ ಗಣಿತ

ಎಲ್ಲ ಬೇಡಿಕೆಯೂ ಸರಿಯುವುದಿಲ್ಲ. ಆಸ್ಪತ್ರೆಯ ದೀಪ, ನಿಮ್ಮ ಓದಿನ ದೀಪ ಕಾಯಲಾರವು. ನೀರೆತ್ತುವುದು, ಹಿಟ್ಟಿನ ಗಿರಣಿ, ಬಟ್ಟೆ ಒಗೆಯುವ ಯಂತ್ರ ಕಾಯಬಲ್ಲವು. ಕರ್ನಾಟಕದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಭಾಗ ನೀರಾವರಿ ಪಂಪ್‌ಸೆಟ್ಟುಗಳದು.

ಒಂದು ಲೆಕ್ಕ ಮಾಡಿ. ಒಂದು ಅಶ್ವಶಕ್ತಿ ಎಂದರೆ 746 ವಾಟ್. 5 ಅಶ್ವಶಕ್ತಿಯ ಪಂಪಿಗೆ 3,730 ವಾಟ್. ಅಂಥ ಒಂದು ಲಕ್ಷ ಪಂಪುಗಳು ಒಟ್ಟಿಗೆ ನಡೆದರೆ 373 ಮೆಗಾವಾಟ್. ಇಷ್ಟನ್ನು ರಾತ್ರಿಯಿಂದ ಮಧ್ಯಾಹ್ನಕ್ಕೆ ತಂದರೆ ಅಷ್ಟು ಕಲ್ಲಿದ್ದಲು ರಾತ್ರಿ ಉರಿಯಬೇಕಾಗಿಲ್ಲ, ಮಧ್ಯಾಹ್ನದ ಸೌರವಿದ್ಯುತ್ ದಂಡವಾಗುವುದೂ ಇಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕುಸುಮ್ ಯೋಜನೆಯ ಒಂದು ಭಾಗ ಇದೇ. ಪಂಪ್‌ಸೆಟ್ಟುಗಳಿಗಾಗಿಯೇ ಇರುವ ತಂತಿಮಾರ್ಗಗಳಿಗೆ ಹತ್ತಿರದ ಸೌರ ಘಟಕದಿಂದ ಹಗಲು ವಿದ್ಯುತ್ ಕೊಡುವುದು.

ಎಚ್ಚರಿಕೆಯೂ ಬೇಕು. ಹಗಲು ಧಾರಾಳವಾಗಿ ಕರೆಂಟು ಬಂದರೆ ಬೋರ್‌ವೆಲ್ ಇನ್ನೂ ಬೇಗ ಬತ್ತಬಹುದು. ಬಿಸಿಲು ನಾಳೆಯೂ ಬರುತ್ತದೆ, ಅಂತರ್ಜಲ ಹಾಗಲ್ಲ.

ಇತರರಿಗೂ ಪಾಲಿದೆ. ಹಗಲಿನ ‘ಸೌರ ಗಂಟೆ’ಗಳಲ್ಲಿ ದರ ಮಾಮೂಲಿಗಿಂತ ಕನಿಷ್ಠ ಶೇಕಡಾ 20ರಷ್ಟು ಕಡಿಮೆಯಿರಬೇಕೆಂದು 2023ರಲ್ಲಿ ತಿದ್ದುಪಡಿಯಾದ ಕೇಂದ್ರದ ನಿಯಮ ಹೇಳುತ್ತದೆ. ಹೊಂದಿಕೊಂಡವರಿಗೆ ಲಾಭ ಸಿಗಬೇಕೆಂಬುದು ಅದರ ತತ್ತ್ವ. ಹಿಂದೆ ರಾತ್ರಿ ಎದ್ದು ಹೊಂದಿಕೊಂಡವರಿಗೆ ಸಿಕ್ಕಿದ್ದು ನಿದ್ದೆಗೇಡು. ಜಾಲವನ್ನು ಹೊಸದಾಗಿ ಕಟ್ಟುವಾಗ ಯಾರ ಹೊತ್ತನ್ನು ಸರಿಸುತ್ತಿದ್ದೇವೆ ಎಂದು ಕೇಳುವುದೂ ವಿಜ್ಞಾನದ ವಿದ್ಯಾರ್ಥಿಯ ಕೆಲಸವೇ.

ನೀವೇ ಮಾಡಿ ನೋಡಿ

ಒಂದು ಭಾನುವಾರ ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6 ಮತ್ತು ರಾತ್ರಿ 10 ಗಂಟೆಗೆ ಮನೆಯ ಮೀಟರಿನ ಅಂಕಿ ಬರೆದುಕೊಳ್ಳಿ. ಪ್ರತಿ ಅವಧಿಯಲ್ಲಿ ಗಂಟೆಗೆ ಎಷ್ಟು ಯೂನಿಟ್ ಖರ್ಚಾಯಿತೆಂದು ಭಾಗಿಸಿ ನೋಡಿ. ಸಂಜೆಯ ಬಳಕೆಯಲ್ಲಿ ಮಧ್ಯಾಹ್ನಕ್ಕೆ ಸರಿಸಬಹುದಾದದ್ದು ಯಾವುದು? ಪಟ್ಟಿ ಮಾಡಿ. ಈ ವಿಷಯದ ಚರ್ಚೆಯನ್ನು ಪರದೆಯ ಮೇಲೆ ನೋಡುವಾಗ ಆ ಪಟ್ಟಿ ನಿಮ್ಮ ಕೈಯಲ್ಲಿರಲಿ.