ಯಾರದ್ದೂ ಅಲ್ಲದ ನೆಲಕ್ಕೆ ಹಡಗು

ಉಮ್ಮಚಗಿಯ ತೋಟಗಳಲ್ಲಿ ಕೊನೆಕೊಯ್ಲು ಶುರುವಾಗುವ ಹೊತ್ತಿಗೆ ಅಂಟಾರ್ಕ್ಟಿಕಾದಲ್ಲಿ ಬೇಸಿಗೆ ಕಾಲಿಟ್ಟಿರುತ್ತದೆ. ಇಲ್ಲಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮುಗಿಸುವ ನಾಲ್ಕೈದು ತಿಂಗಳೇ ಅಲ್ಲಿ ಪ್ರವಾಸಿ ಹಡಗುಗಳ ಕಾಲ.

ಆ ದಾರಿಯ ಒಂದು ತುದಿ ನಮ್ಮ ಪಕ್ಕದಲ್ಲೇ ಇದೆ. ಘಟ್ಟ ಇಳಿದು ಕಾರವಾರ ದಾಟಿದರೆ ಸಿಗುವ ಗೋವಾದಿಂದಲೇ 1981ರ ಡಿಸೆಂಬರ್ 6ರಂದು ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ ಹೊರಟದ್ದು. ಎಸ್.ಝಡ್. ಕಾಸಿಂ ಅವರ ಮುಂದಾಳತ್ವದ 21 ಮಂದಿ ನಾರ್ವೆಯ ‘ಪೋಲಾರ್ ಸರ್ಕಲ್’ ಹಡಗಿನಲ್ಲಿ ಸಾಗಿ, 1982ರ ಜನವರಿ 9ರಂದು ಹಿಮದ ಮೇಲೆ ಇಳಿದರು. ಅದು ವಿಜ್ಞಾನದ ಯಾನ. ದುಡ್ಡು ಕೊಟ್ಟು ನೋಡಲು ಹೋಗುವ ರೂಢಿ ಅದಕ್ಕಿಂತ ಎರಡು ದಶಕ ಹಳೆಯದು. 1958ರಲ್ಲೇ ಅರ್ಜೆಂಟೀನಾದ ಹಡಗೊಂದು ಪ್ರವಾಸಿಗರನ್ನು ದಕ್ಷಿಣ ಶೆಟ್ಲೆಂಡ್ ದ್ವೀಪಗಳಿಗೆ ಒಯ್ದಿತ್ತು.

ಅದಕ್ಕೊಂದು ಕ್ರಮ ಹಾಕಿಕೊಟ್ಟವರು ಸ್ವೀಡನ್ ಮೂಲದ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್. 1966ರಲ್ಲಿ ಅವರು ಮೊದಲ ತಂಡ ಕರೆದೊಯ್ದರು. 1969ರಲ್ಲಿ ಇದೇ ಕೆಲಸಕ್ಕೆಂದು ‘ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್’ ಕಟ್ಟಿಸಿದರು. ಹಡಗು ಚಿಕ್ಕದು, ಪ್ರಯಾಣಿಕರು ನೂರರ ಆಸುಪಾಸು. ದಡಕ್ಕೆ ಹೋಗಲು ರಬ್ಬರ್ ದೋಣಿ, ವಿವರಿಸಲು ಜೊತೆಯಲ್ಲೇ ವಿಜ್ಞಾನಿಗಳು. ಇಂದಿಗೂ ಒಳ್ಳೆಯ ಯಾನಗಳು ನಡೆಯುವುದು ಹೀಗೆಯೇ. ಅದೇ ಹಡಗು 2007ರ ನವೆಂಬರ್ 23ರಂದು ಹಿಮಕ್ಕೆ ಬಡಿದು ಮುಳುಗಿತು. ಅದರಲ್ಲಿದ್ದ 154 ಮಂದಿಯನ್ನೂ ಉಳಿಸಿದ್ದು ಹತ್ತಿರದಲ್ಲಿದ್ದ ಇನ್ನೊಂದು ಪ್ರವಾಸಿ ಹಡಗು. ಆ ಸಮುದ್ರದಲ್ಲಿ ಪಕ್ಕದ ಹಡಗೇ ನೆರೆಮನೆ.

1959ರ ಒಪ್ಪಂದದಂತೆ ಅಂಟಾರ್ಕ್ಟಿಕಾದಲ್ಲಿ ಯಾವ ದೇಶವೂ ಹೊಸದಾಗಿ ಹಕ್ಕು ಸಾಧಿಸುವಂತಿಲ್ಲ. 1983ರಲ್ಲಿ ಭಾರತವೂ ಅದಕ್ಕೆ ಸೇರಿತು. ಸೊಪ್ಪಿನ ಬೆಟ್ಟದ ಜೊತೆ ಬದುಕಿದ ನಮಗೆ ಇದು ಬೇಗ ಅರ್ಥವಾಗಬೇಕು: ಸೊಪ್ಪು ತರಬಹುದು, ದರಕು ಗುಡಿಸಬಹುದು, ಬೆಟ್ಟ ಮಾತ್ರ ನಮ್ಮ ಸ್ವತ್ತಲ್ಲ. 1991ರಲ್ಲಿ ಪ್ರವಾಸ ಸಂಸ್ಥೆಗಳೇ ‘ಐಎಎಟಿಒ’ ಎಂಬ ಒಕ್ಕೂಟ ಕಟ್ಟಿಕೊಂಡವು. ಈಗ ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ. ಪೆಂಗ್ವಿನ್‌ನಿಂದ ಐದು ಮೀಟರ್ ದೂರ ನಿಲ್ಲಬೇಕು. ಇಳಿಯುವ ಮೊದಲು ಬೂಟು ತೊಳೆಯಬೇಕು, ಬಟ್ಟೆಗೆ ಅಂಟಿದ ಬೀಜ ಹೆಕ್ಕಬೇಕು.

ಬೂಟು ತೊಳೆಯುವುದನ್ನು ಅತಿಯಾಯಿತು ಎನ್ನಬೇಡಿ. ಯುಪಟೋರಿಯಂ ನಮ್ಮ ಬೆಟ್ಟಗಳನ್ನು ನುಂಗಿದ್ದನ್ನು ಕಣ್ಣಾರೆ ಕಂಡವರು ನಾವು. ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಲ್ಲೂ ಪೋಲೆಂಡ್‌ನ ಸಂಶೋಧನಾ ಕೇಂದ್ರದ ಸುತ್ತ ‘ಪೋವಾ ಆನ್ಯುವಾ’ ಎಂಬ ಪರದೇಶಿ ಹುಲ್ಲು ಬೇರೂರಿದೆ. ಅದನ್ನು ಕಿತ್ತು ತೆಗೆಯುವುದೇ ಒಂದು ಕೆಲಸವಾಗಿದೆ. ಈಚೆಗೆ ಒಂದೇ ಬೇಸಿಗೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಆ ಕಡೆ ಹೋಗಿ ಬರುತ್ತಿದ್ದಾರೆ. ಅಷ್ಟು ಕಾಲುಗಳ ಜೊತೆ ಏನೇನು ಹೋಗಬಹುದು!

ಹೋಗುವ ಅನುಕೂಲ ಇದ್ದವರು ಟಿಕೆಟ್ ತೆಗೆಯುವ ಮೊದಲು ಎರಡು ಪ್ರಶ್ನೆ ಕೇಳಿ: ಸಂಸ್ಥೆ ಒಕ್ಕೂಟದ ಸದಸ್ಯನೇ? ಹಡಗಿನಲ್ಲಿ ಎಷ್ಟು ಜನ? ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಆ ನೆಲಕ್ಕೆ ಇಳಿಸುವಂತಿಲ್ಲ.