ಗ್ರಂಥಾಲಯದ ಸರ್ವರ್ ನಿಂತಾಗ: ಪರ್ಲ್ ತಂತ್ರಾಂಶ ಮತ್ತು ನಿರ್ವಹಣೆಯ ಹೊಣೆ

ಕಾಲೇಜು ಗ್ರಂಥಾಲಯಗಳಲ್ಲಿ ಕಾರ್ಡ್ ಕ್ಯಾಟಲಾಗಿನ ಡ್ರಾಯರುಗಳು ಮೂಲೆ ಸೇರಿ ಬಹಳ ಕಾಲವಾಯಿತು. ಪುಸ್ತಕ ಇದೆಯೇ, ಯಾರ ಹೆಸರಿಗೆ ಇಶ್ಯೂ ಆಗಿದೆ, ಯಾವಾಗ ಮರಳುತ್ತದೆ ಎಂಬುದಕ್ಕೆಲ್ಲ ಈಗ ಸರ್ವರ್ ಉತ್ತರ ಕೊಡಬೇಕು. ಕರ್ನಾಟಕದ ಹಲವು ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಈ ಕೆಲಸ ಮಾಡುತ್ತಿರುವುದು ಪರ್ಲ್ ಭಾಷೆಯಲ್ಲಿ ಬರೆದ ಕೋಹಾ ಎಂಬ ಮುಕ್ತ ತಂತ್ರಾಂಶ. ಪರವಾನಗಿ ಶುಲ್ಕವಿಲ್ಲವೆಂದು ಅದನ್ನು ಸಂಸ್ಥೆಗಳು ಸ್ವಾಗತಿಸಿದವು. ಅದು ಕೈಕೊಟ್ಟ ದಿನ ಯಾರು ನೋಡಿಕೊಳ್ಳಬೇಕು ಎಂಬುದನ್ನು ಮಾತ್ರ ಹೆಚ್ಚಿನ ಕಡೆ ತೀರ್ಮಾನಿಸಿಲ್ಲ. ಸಾಲಿಗ್ರಾಮ, ಕೋಟ, ಬ್ರಹ್ಮಾವರ, ಕುಂದಾಪುರದಂಥ ಊರುಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಇಲ್ಲಿ ಓದುವ ಹುಡುಗ ಹುಡುಗಿಯರಿಗೆ ಕಾಲೇಜಿನ ಗ್ರಂಥಾಲಯ ಮುಚ್ಚಿದರೆ ಪಕ್ಕದಲ್ಲೇ ಮತ್ತೊಂದು ದೊಡ್ಡ ಗ್ರಂಥಾಲಯವಿಲ್ಲ.

ಪದರದ ಮೇಲೆ ಪದರ

ಪರ್ಲ್ ಹುಟ್ಟಿದ್ದು 1987ರಲ್ಲಿ. ಪಠ್ಯವನ್ನು ಜಾಲಾಡಿ, ಬೇಕಾದುದನ್ನು ಹೆಕ್ಕಿ ವರದಿ ಮಾಡುವುದು ಅದರ ಮೂಲ ಉದ್ದೇಶವಾಗಿತ್ತು. 1990ರ ದಶಕದಲ್ಲಿ ಜಾಲತಾಣಗಳು ಓದುಗರಿಂದ ಮಾಹಿತಿ ಪಡೆದು ಉತ್ತರಿಸಲು ತೊಡಗಿದಾಗ ಆ ಕೆಲಸ ಬಹುಮಟ್ಟಿಗೆ ಪರ್ಲ್‌ನ ಪಾಲಾಯಿತು. ನ್ಯೂಜಿಲೆಂಡಿನ ಒಂದು ಪ್ರಾದೇಶಿಕ ಗ್ರಂಥಾಲಯ ವ್ಯವಸ್ಥೆಯ ಹಳೆಯ ತಂತ್ರಾಂಶ 2000ದ ದಿನಾಂಕವನ್ನು ನಿಭಾಯಿಸಲಾರದು ಎಂಬ ಆತಂಕದಿಂದ 1999ರಲ್ಲಿ ಕೋಹಾ ಸಿದ್ಧವಾಯಿತು. 2000ದ ಜನವರಿಯಿಂದ ಬಳಕೆಗೆ ಬಂತು. ಮೊದಲು ಪ್ರತಿ ಕೋರಿಕೆಗೂ ಪರ್ಲ್ ಹೊಸದಾಗಿ ಎದ್ದು, ಉತ್ತರ ಕೊಟ್ಟು ಮುಗಿಯುತ್ತಿತ್ತು. ವೇಗ ಸಾಲದೆಂದು, ಪ್ರೋಗ್ರಾಮನ್ನು ಸದಾ ಸಿದ್ಧವಾಗಿಟ್ಟುಕೊಳ್ಳುವ ಪ್ಲ್ಯಾಕ್ ಎಂಬ ವ್ಯವಸ್ಥೆ 2009ರಲ್ಲಿ ಬಂತು. ಇಂದಿನ ಕೋಹಾದಲ್ಲಿ ಜಾಲದ ಕೋರಿಕೆ ಸ್ವೀಕರಿಸಲು ಅಪಾಚೆ, ಅದರ ಹಿಂದೆ ಪ್ಲ್ಯಾಕ್, ಡೇಟಾಬೇಸಿಗೆ ಮಾರಿಯಾಡಿಬಿ, ಹುಡುಕಾಟಕ್ಕೆ ಜೀಬ್ರಾ, ಹೀಗೆ ಹಲವು ಪದರಗಳಿವೆ. ಯಾವುದೊಂದು ನಿಂತರೂ ಕೌಂಟರಿನಲ್ಲಿ ಕೇಳಿಬರುವ ಮಾತು ಒಂದೇ: ‘ಸರ್ವರ್ ಡೌನ್’.

ದೋಷ ಹುಟ್ಟುವ ಜಾಗ

ಆ ಎರಡು ಪದಗಳ ಹಿಂದಿನ ಕಾರಣಗಳು ಬೇರೆ ಬೇರೆ. ಪರದೆಯ ಮೇಲೆ 503 ಎಂಬ ದೋಷಸಂಖ್ಯೆ ಬಂದರೆ, ಅಪಾಚೆ ನಡೆಯುತ್ತಿದೆ, ಅದರ ಹಿಂದಿನ ಪ್ಲ್ಯಾಕ್ ನಿಂತಿದೆ ಎಂಬುದು ಸಾಮಾನ್ಯ ಅರ್ಥ. 500 ಬಂದರೆ ಪ್ರೋಗ್ರಾಂ ಒಳಗೇ ಮುಗ್ಗರಿಸಿದೆ. ಬೇಕಾದ ಮಾಡ್ಯೂಲ್ ಸಿಗದಿರಬಹುದು, ಕಡತಕ್ಕೆ ಅನುಮತಿ ಇಲ್ಲದಿರಬಹುದು, ಡೇಟಾಬೇಸಿನ ಪಾಸ್‌ವರ್ಡ್ ತಾಳೆಯಾಗದಿರಬಹುದು. ಇವುಗಳಲ್ಲಿ ಯಾವುದೆಂಬುದು ಲಾಗ್ ಕಡತದ ಕೊನೆಯ ಕೆಲವು ಸಾಲುಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಅದನ್ನು ಓದದೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಆ ಹೊತ್ತಿಗೆ ಕೆಲಸ ಸಾಗೀತು, ಕಾರಣ ಅಲ್ಲೇ ಉಳಿಯುತ್ತದೆ.

ಪರ್ಲ್ ಭಾಷೆಯೂ ಬದಲಾಗುತ್ತ ಬಂದಿದೆ. ಜಾಲತಾಣದ ಫಾರಂಗಳನ್ನು ನಿಭಾಯಿಸುವ ಹಳೆಯ ಮಾಡ್ಯೂಲನ್ನು 2015ರ 5.22 ಆವೃತ್ತಿ ಮೂಲ ಕಟ್ಟಿನಿಂದ ಹೊರಗಿಟ್ಟಿತು. ಪ್ರೋಗ್ರಾಂ ನಡೆಯುತ್ತಿರುವ ಫೋಲ್ಡರಿನಲ್ಲೇ ಮಾಡ್ಯೂಲ್‌ಗಳನ್ನು ತಾನಾಗಿ ಹುಡುಕುವ ರೂಢಿಯನ್ನು 2017ರ 5.26 ಆವೃತ್ತಿ ಸುರಕ್ಷತೆಯ ಕಾರಣಕ್ಕೆ ಕೈಬಿಟ್ಟಿತು. ಆಪರೇಟಿಂಗ್ ಸಿಸ್ಟಂ ನವೀಕರಿಸಿದ ಮರುದಿನ ಹಳೆಯ ಸ್ಕ್ರಿಪ್ಟುಗಳು ಏಕಾಏಕಿ ನಿಲ್ಲುವುದು ಇಂಥ ಬದಲಾವಣೆಗಳಿಂದ. ಇದರ ಜೊತೆಗೆ ಕರಾವಳಿಯ ಮಳೆಗಾಲ. ಗಾಳಿ ಮಳೆಗೆ ಕರೆಂಟು ಹೋಗಿ ಬಂದು ಮಾಡುವಾಗ, ಯುಪಿಎಸ್ ಬ್ಯಾಟರಿ ಸೋತಿದ್ದರೆ, ಬರೆಯುತ್ತಿದ್ದ ಡೇಟಾಬೇಸ್ ನಡುವೆಯೇ ಕಡಿದುಹೋಗುತ್ತದೆ.

ಕನ್ನಡದ ತೊಡಕು

ತಾಂತ್ರಿಕ ದೋಷಗಳಲ್ಲಿ ಕನ್ನಡಕ್ಕೆ ನೇರವಾಗಿ ತಟ್ಟುವುದು ಅಕ್ಷರಗಳ ಸಂಗತಿ. ಯುಟಿಎಫ್-8 ಕ್ರಮದಲ್ಲಿ ‘ಕ’ ಎಂಬ ಒಂದು ಅಕ್ಷರ 3 ಬೈಟ್ ಹಿಡಿಯುತ್ತದೆ. ಪರ್ಲ್ ಪ್ರೋಗ್ರಾಂ ಅದನ್ನು ಅಕ್ಷರವೆಂದು ಗುರುತಿಸದೆ ಬರಿಯ ಬೈಟುಗಳೆಂದು ತಿಳಿದು ಮತ್ತೊಮ್ಮೆ ಸಂಕೇತಕ್ಕಿಳಿಸಿದರೆ ಅದು 6 ಬೈಟ್ ಆಗುತ್ತದೆ. ಪುಸ್ತಕದ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಇದಕ್ಕಿಂತ ಸೂಕ್ಷ್ಮವಾದದ್ದು ಕಣ್ಣಿಗೆ ಕಾಣದ ದೋಷ. ಸಾಲಿಗ್ರಾಮದ ಪಕ್ಕದ ‘ಕೋಟ’ವನ್ನೇ ತೆಗೆದುಕೊಳ್ಳಿ. ‘ಕೋ’ದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಇವನ್ನು ಏಕರೂಪಕ್ಕೆ ತರುವ ವ್ಯವಸ್ಥೆ ಇಲ್ಲದಿದ್ದರೆ, ಒಂದು ಬಗೆಯಲ್ಲಿ ದಾಖಲಾದ ‘ಚೋಮನ ದುಡಿ’ ಇನ್ನೊಂದು ಬಗೆಯಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ. ಕೋಟದಲ್ಲಿ ಹುಟ್ಟಿ ಸಾಲಿಗ್ರಾಮದಲ್ಲಿ ಕೊನೆಯ ವರ್ಷಗಳನ್ನು ಕಳೆದ ಶಿವರಾಮ ಕಾರಂತರ ಈ ಕೃತಿ ಕಪಾಟಿನಲ್ಲಿದ್ದೂ ಅವರ ಊರಿನ ಓದುಗರಿಗೇ ಇಲ್ಲವಾಗಬಹುದು. ಪರಿಹಾರ ಕಠಿಣವಲ್ಲ: ಜೀಬ್ರಾವನ್ನು ರೋಮನ್ ಲಿಪಿಗೆ ಹೊಂದಿಸಿದ ಅಕ್ಷರಪಟ್ಟಿಯಿಂದ ಬಿಡಿಸಿ, ಐಸಿಯು ಎಂಬ ಬಹುಲಿಪಿ ವ್ಯವಸ್ಥೆಗೆ ಬದಲಿಸಿ, ಎಲ್ಲ ದಾಖಲೆಗಳ ಸೂಚಿಯನ್ನು ಮೊದಲಿನಿಂದ ಕಟ್ಟಬೇಕು. ಆದರೆ ಹಾಗೊಂದು ಆಯ್ಕೆ ಇದೆ ಎಂದು ತಿಳಿದವರು ಬೇಕು.

ಎರಡು ವಾದಗಳು

ಪರ್ಲ್ ಹಳೆಯದಾಯಿತು, ಅದನ್ನು ಬಲ್ಲ ಹುಡುಗರು ಸಿಗುವುದಿಲ್ಲ, ಎಲ್ಲವನ್ನೂ ಕ್ಲೌಡಿಗೆ ಒಪ್ಪಿಸಿ ನಿಶ್ಚಿಂತರಾಗೋಣ ಎಂಬುದು ಒಂದು ವಾದ. ಇದರಲ್ಲಿ ಹುರುಳಿಲ್ಲದಿಲ್ಲ. ಇಂದಿನ ಪಠ್ಯಕ್ರಮಗಳಲ್ಲಿ ಪೈಥಾನ್, ಜಾವಾಗಳ ಮುಂದೆ ಪರ್ಲ್‌ಗೆ ಜಾಗ ಕಡಿಮೆ. ಗ್ರಂಥಪಾಲಕರನ್ನೇ ಸರ್ವರ್ ಕಾಯಲು ಕೂರಿಸುವುದು ನ್ಯಾಯವೂ ಅಲ್ಲ. ಇನ್ನೊಂದು ವಾದ, ಕೋಹಾ ಜೀವಂತವಾಗಿದೆ ಎನ್ನುತ್ತದೆ: ಪ್ರತಿ ಮೇ ಮತ್ತು ನವೆಂಬರಿನಲ್ಲಿ ಅದರ ಹೊಸ ಆವೃತ್ತಿ ಬರುತ್ತದೆ, ಮೂಲ ಸಂಕೇತ ಎಲ್ಲರಿಗೂ ತೆರೆದಿದೆ, ದತ್ತಾಂಶ ಸಂಸ್ಥೆಯ ಕೈಯಲ್ಲೇ ಉಳಿಯುತ್ತದೆ. ಗುತ್ತಿಗೆ ಮುಗಿದ ದಿನ ದಶಕಗಳ ದಾಖಲೆ ಅನ್ಯರ ವಶದಲ್ಲಿ ಸಿಕ್ಕಿಕೊಳ್ಳುವ ಭಯ ಇಲ್ಲಿಲ್ಲ. ಆದರೆ ನವೀಕರಿಸದೆ ವರ್ಷಗಟ್ಟಲೆ ಬಿಟ್ಟ ಸರ್ವರ್ ಓದುಗರ ಹೆಸರು, ಫೋನ್ ಸಂಖ್ಯೆಗಳನ್ನು ಅಪಾಯಕ್ಕೊಡ್ಡುತ್ತದೆ ಎಂಬುದನ್ನು ಈ ವಾದದವರೂ ಒಪ್ಪಬೇಕು.

ಆಗಬೇಕಾದುದು

ಭಾಷೆಯ ವಯಸ್ಸಿಗಿಂತ ನಿರ್ವಹಣೆಯ ಅಭಾವವೇ ದೊಡ್ಡ ಸಮಸ್ಯೆ ಎಂಬುದು ಎರಡೂ ವಾದಗಳನ್ನು ತೂಗಿದಾಗ ಕಾಣುವ ಸಂಗತಿ. ಯಾವ ಆವೃತ್ತಿ, ಯಾವ ಸೆಟ್ಟಿಂಗ್, ಯಾವ ದಿನ ಏನು ಬದಲಾಯಿತು ಎಂಬುದನ್ನು ಬರೆದಿಡುವ ಪುಸ್ತಕವೊಂದು ಪ್ರತಿ ಗ್ರಂಥಾಲಯದಲ್ಲೂ ಇರಬೇಕು. ಆಗ ಸರ್ವರ್ ಸ್ಥಾಪಿಸಿದವರು ಊರು ಬಿಟ್ಟರೂ ಮುಂದಿನವರಿಗೆ ದಾರಿ ತಿಳಿಯುತ್ತದೆ. ಪ್ರತಿದಿನದ ಬ್ಯಾಕಪ್ ಬೇರೆ ಕಟ್ಟಡದಲ್ಲಿರಬೇಕು, ಅದರಿಂದ ಮರುಸ್ಥಾಪನೆ ಆಗುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು. ಒಂದೊಂದು ಕಾಲೇಜಿಗೆ ಒಬ್ಬ ತಂತ್ರಜ್ಞ ದುಬಾರಿಯಾದೀತು. ತಾಲ್ಲೂಕಿನ ನಾಲ್ಕೈದು ಸಂಸ್ಥೆಗಳು ಕೂಡಿ ಒಬ್ಬರನ್ನು ನೇಮಿಸಿಕೊಳ್ಳುವುದು ಅಸಾಧ್ಯವಲ್ಲ. ಪರವಾನಗಿಯಲ್ಲಿ ಉಳಿದ ಹಣದ ಒಂದು ಪಾಲು ಇದಕ್ಕೆ ಸಲ್ಲಬೇಕು. ಪುಸ್ತಕ ಖರೀದಿಗೆ ವರ್ಷವರ್ಷವೂ ಹಣ ತೆಗೆದಿಡುವ ಸಂಸ್ಥೆ, ಆ ಪುಸ್ತಕವನ್ನು ಹುಡುಕಿಕೊಡುವ ವ್ಯವಸ್ಥೆಗೂ ತನ್ನ ಬಜೆಟಿನಲ್ಲಿ ಪ್ರತ್ಯೇಕ ಬಾಬ್ತು ತೆರೆಯುವುದರಿಂದ ಈ ಕೆಲಸ ಆರಂಭವಾಗಬೇಕು.