ಪೊಲೀಸ್ ಅನುದಾನಕ್ಕೆ ಕತ್ತರಿ: ಪೆಟ್ಟು ಯಾವ ಊರಿಗೆ?

2010ರ ಅಕ್ಟೋಬರ್. ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಸರ್ಕಾರಿ ಖರ್ಚಿಗೆ ಕತ್ತರಿ ಹಾಕಿದರು. ಪೊಲೀಸರಿಗೆ ಕೇಂದ್ರ ಕೊಡುವ ಹಣದಲ್ಲಿ ನಾಲ್ಕು ವರ್ಷಕ್ಕೆ ಶೇ. 20 ಕಡಿತ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿರುವುದು 43 ಪ್ರಾದೇಶಿಕ ಪೊಲೀಸ್ ಪಡೆಗಳು. ಅವುಗಳ ಹಣ ಬರುವುದು ಮುಖ್ಯವಾಗಿ ಎರಡು ಕಡೆಯಿಂದ: ಕೇಂದ್ರದ ಅನುದಾನ, ಊರಿನ ಮನೆಗಳು ಕಟ್ಟುವ ತೆರಿಗೆ. ಸ್ಥಿತಿವಂತರ ಸರ್ರೆಯಲ್ಲಿ ಸುಮಾರು ಅರ್ಧ ಖರ್ಚು ಮನೆ ತೆರಿಗೆಯಿಂದಲೇ ನಡೆಯುತ್ತಿತ್ತು. ಗಣಿ, ಹಡಗುಕಟ್ಟೆಗಳು ಮುಚ್ಚಿಹೋದ ನಾರ್ತಂಬ್ರಿಯಾ ಅನುದಾನವನ್ನೇ ನೆಚ್ಚಿಕೊಂಡಿತ್ತು. 2018ರಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧಕರ ವರದಿ ಬಂತು ನೋಡಿ: 2010ರಿಂದೀಚೆಗೆ ಒಟ್ಟು ಹಣದಲ್ಲಿ ಸರ್ರೆಗೆ ಖೋತಾ ಶೇ. 11, ನಾರ್ತಂಬ್ರಿಯಾಕ್ಕೆ ಶೇ. 25! ಬಡ ಊರಿಗೇ ದೊಡ್ಡ ಪೆಟ್ಟು. ಇದು ಅನ್ಯಾಯವಲ್ಲದೆ ಇನ್ನೇನು?

ಹಣ ಕಡಿಮೆಯಾದರೂ, ಹುದ್ದೆ ರದ್ದಾಯಿತೆಂದು ಅಲ್ಲಿ ಪೊಲೀಸ್ ಅಧಿಕಾರಿಯನ್ನು ಮನೆಗೆ ಕಳಿಸುವಂತಿಲ್ಲ. ಹಾಗಾಗಿ ನೇಮಕಾತಿ ನಿಲ್ಲಿಸಿದರು. ಕೆಲವು ಪಡೆಗಳಂತೂ 30 ವರ್ಷ ಸೇವೆ ಮುಗಿಸಿದವರಿಗೆ ಕಡ್ಡಾಯ ನಿವೃತ್ತಿ ಕೊಟ್ಟವು. ಹೋದವರು ಅನುಭವಸ್ಥರೇ. ಬೀದಿ ಸುತ್ತುತ್ತ, ಅಂಗಡಿಯವರನ್ನು ಮಾತಾಡಿಸುತ್ತ, ಯಾವ ಮೂಲೆಯಲ್ಲಿ ಏನು ನಡೆಯುತ್ತಿದೆ ಎಂದು ಬಲ್ಲ ಸಮುದಾಯ ಸಹಾಯಕ ಸಿಬ್ಬಂದಿ ಸುಮಾರು ಶೇ. 40ರಷ್ಟು ಕಡಿಮೆಯಾದರು. 2010ರಲ್ಲಿ 1,43,000 ದಾಟಿದ್ದ ಅಧಿಕಾರಿಗಳ ಸಂಖ್ಯೆ 2018ಕ್ಕೆ 1,22,000ದ ಆಸುಪಾಸಿಗೆ ಇಳಿಯಿತು.

2019ರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ 20,000 ಹೊಸ ಅಧಿಕಾರಿಗಳ ನೇಮಕ ಘೋಷಿಸಿದರು. 2023ಕ್ಕೆ ಲೆಕ್ಕ ಭರ್ತಿಯಾಯಿತು. ಆದರೆ ಈ ಹೊಸಬರಿಗೆ ಕೆಲಸ ಕಲಿಸಬೇಕಿದ್ದ ಎಷ್ಟೋ ಹಿರಿಯರು ಅಷ್ಟರಲ್ಲಿ ಇಲಾಖೆ ಬಿಟ್ಟಾಗಿತ್ತು.